ಭಾವನ ಹತ್ತು ಬೋಲ್ಟು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇಪ್ಪತ್ತೆರಡು ವರ್ಷಗಳಿಂದ ಬೋಲ್ಟು ಬಿಗಿಯುತ್ತಿದ್ದಾರೆ. ಒಮ್ಮೆಯೂ ಅವರ ಕೈಗೆ ಗ್ರೀಸ್ ಅಂಟಿಲ್ಲ. ಬಿಗಿಯುವುದೆಲ್ಲ ಕಂಪ್ಯೂಟರಿನೊಳಗೆ. ಆವಿ ತುಂಬುವ ದೊಡ್ಡ ಟ್ಯಾಂಕುಗಳನ್ನು ಮಾಡುವ ಕಾರ್ಖಾನೆಯ ಮೊದಲ ಮಹಡಿಯಲ್ಲಿ ಕುಳಿತು, ಟ್ಯಾಂಕನ್ನು ಪರದೆಯ ಮೇಲೆ ಲಕ್ಷ ಚೂರು ಮಾಡಿ, ಒತ್ತಡ ಬಿದ್ದಾಗ ಯಾವ ಚೂರು ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕುವುದು ಅವರ ಕಸುಬು. ಅವರ ಬೆನ್ನ ಹಿಂದಿನ ಮೇಜಿನಲ್ಲಿ ಕುಳಿತು ಆ ಟ್ಯಾಂಕುಗಳ ಕೈಪಿಡಿ ಬರೆಯುವುದು ನನ್ನದು. ಸ್ಪ್ಯಾನರಿನ ಯಾವ ತುದಿ ಹಿಡಿಯಬೇಕೆಂದು ತಿಳಿಯದವನಿಗೆ ಈ ಕೆಲಸ ಸಿಕ್ಕಿದ್ದು ಭಾವನ ಶಿಫಾರಸಿನಿಂದ. ಹಾಗಾಗಿ ಅವರನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ. ಅಭ್ಯಾಸ ಮಾತ್ರ ಇದೆ.

ಟ್ಯಾಂಕಿನ ಮುಚ್ಚಳಕ್ಕೆ ಹಿಂದಿನಿಂದಲೂ ಹನ್ನೆರಡು ಬೋಲ್ಟು. ಈ ವರ್ಷ ಭಾವ ಲೆಕ್ಕ ಹಾಕಿ ಹತ್ತೇ ಸಾಕು ಎಂದರು. ಮ್ಯಾನೇಜರು ಬೆನ್ನು ತಟ್ಟಿದರು. ಟ್ಯಾಂಕು ಸಿದ್ಧವಾಯಿತು, ನೀರು ತುಂಬಿ ಒತ್ತಡ ಕೊಟ್ಟರು, ಮುಚ್ಚಳದ ಸಂದಿನಲ್ಲಿ ಸೋರಿತು. ಬಿಚ್ಚಿ, ಒರೆಸಿ, ಮತ್ತೆ ಬಿಗಿದರು. ಸೋರಿತು. ಮೂರನೆಯ ಸಲವೂ ಅದೇ ಜಾಗದಲ್ಲಿ, ನಿಯಮ ಪಾಲಿಸುವವರ ಹಾಗೆ ಸೋರಿತು.

ಭಾವ ತಮ್ಮ ಪರದೆ ನೋಡಿದರು. ಅಲ್ಲಿ ಎಲ್ಲ ಒಣಗಿತ್ತು. ಅಂದ ಮೇಲೆ ತಪ್ಪು ಕೆಳಗಿನವರದೇ ಎಂದುಕೊಂಡು, ‘ಬಿಗಿಯುವಲ್ಲಿ ಅಜಾಗರೂಕತೆ’ ಎಂದು ಮ್ಯಾನೇಜರಿಗೆ ಒಂದು ಕಾಗದ ಬರೆದರು.

ಬಿಗಿದವರು ಕೆಳಗಿನ ಶೆಡ್ಡಿನ ಹಿರಿಯ ಫಿಟ್ಟರು, ಎಲ್ಲರ ಬಾಯಲ್ಲಿ ಫಿಟ್ಟರಮ್ಮ. ಇಪ್ಪತ್ತಾರು ವರ್ಷದ ಕೆಲಸ, ಫೈಲಿನಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ. ಶುಕ್ರವಾರ ವಿಚಾರಣೆ, ತಪ್ಪು ಎಂದಾದರೆ ಅವರನ್ನು ಉಗ್ರಾಣದಲ್ಲಿ ನಟ್ಟು ಎಣಿಸಲು ಕೂರಿಸುವುದಾಗಿ ಮಾತಾಗಿತ್ತು.

ಕಾಗದ ಬರೆದ ದಿನ ಸಂಜೆ ಭಾವನ ಮನೆಯಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ. ವಿಷಯ ಕೇಳಿದ ಅಕ್ಕ ಕೈಯೊರೆಸಿಕೊಳ್ಳುತ್ತ ಬಂದಳು.

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಆಯಮ್ಮ ಬಿಗಿದದ್ದನ್ನ ನೀವು ಹೋಗಿ ನೋಡಿದ್ರಾ?”

“ನೋಡೋದೇನು, ಲೆಕ್ಕ ಇದೆಯಲ್ಲ” ಎಂದರು ಭಾವ.

“ಅಡುಗೆಮನೆ ಕಪಾಟು ಹಾಕುವಾಗ್ಲೂ ಲೆಕ್ಕ ಇತ್ತು.”

ಭಾವ ನನ್ನ ಕಡೆ ನೋಡಿದರು. ಕಪಾಟು ಬಿದ್ದದ್ದು ನನ್ನ ಹೆಗಲ ಮೇಲೆ. ನಾನು ಕಾಫಿಯ ಲೋಟದೊಳಗೆ ನೋಡಿದೆ.

ಗುರುವಾರ ಬೆಳಿಗ್ಗೆ ಫಿಟ್ಟರಮ್ಮ ಮೆಟ್ಟಿಲು ಹತ್ತಿ ನಮ್ಮ ಮಹಡಿಗೇ ಬಂದರು. ದಾರ ಕಟ್ಟಿದ ಕನ್ನಡಕ ಮೂಗಿನ ಮೇಲಿತ್ತು, ಕನ್ನಡಕದ ಡಬ್ಬಿಯೊಳಗೆ ಸೂಕ್ಷ್ಮ ಅಳತೆಯ ಮೈಕ್ರೋಮೀಟರ್ ಇತ್ತು. ಎಣ್ಣೆ ಹಿಡಿದ ಒಂದು ನೋಟುಪುಸ್ತಕವನ್ನು ಭಾವನ ಕೀಬೋರ್ಡಿನ ಮೇಲೆಯೇ ಇಟ್ಟರು.

“ಪ್ರತಿ ಬೋಲ್ಟಿಗೂ ಎರಡು ಅಳತೆ ಇದೆ ಸಾರ್. ಬಿಗಿಯೋ ಮುಂಚೆ ಉದ್ದ ಎಷ್ಟು, ಬಿಗಿದ ಮೇಲೆ ಎಷ್ಟು. ಮೂರು ಸಲಾನೂ ಬರೆದಿದೀನಿ. ಅಜಾಗರೂಕತೆ ಯಾವ ಸಾಲಲ್ಲಿದೆ ತೋರಿಸಿ.”

ಭಾವ ಪುಟ ತಿರುಗಿಸಿದರು. “ಬಿಗಿದ ಮೇಲೆ ಉದ್ದ ಜಾಸ್ತಿ ಆಗಿದೆಯಲ್ಲ?”

“ಆಗ್ಬೇಕಲ್ಲ ಸಾರ್. ಹಿಗ್ಗದೆ ಇದ್ರೆ ಬಿಗಿ ಎಲ್ಲಿಂದ ಬರುತ್ತೆ? ಡಬ್ಬಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕೋದು ಎಳೆದೇ ತಾನೆ? ಇದೂ ಅಷ್ಟೇ, ಗಟ್ಟಿ ರಬ್ಬರು. ನಿಮ್ಮ ಕಂಪ್ಯೂಟರಲ್ಲಿ ಎಷ್ಟು ಹಿಗ್ಗುತ್ತೆ?”

ಭಾವ ಪರದೆಯ ಕಡೆ ತಿರುಗಿದರು. “ಅಲ್ಲಿ... ಹಿಗ್ಗಲ್ಲ.”

“ಒಂಚೂರೂ?”

“ಒಂಚೂರೂ.”

ಸಂಗತಿ ಇಷ್ಟೇ. ಮುಚ್ಚಳ, ಟ್ಯಾಂಕು ಎಲ್ಲವನ್ನೂ ಲಕ್ಷ ಚೂರು ಮಾಡಿದ ಭಾವ, ಬೋಲ್ಟಿನ ಸರದಿ ಬಂದಾಗ ‘ಜಗ್ಗದ ಕಡ್ಡಿ’ ಎಂಬ ಗುಂಡಿಯನ್ನು ಒಂದೇ ಸಲ ಒತ್ತಿಬಿಡುತ್ತಿದ್ದರು. ಕೆಲಸಕ್ಕೆ ಸೇರಿದ ವಾರ ಯಾರೋ ತೋರಿಸಿಕೊಟ್ಟ ಗುಂಡಿ ಅದು. ಬೆರಳು ಮರೆಯಲಿಲ್ಲ, ತಲೆ ಕೇಳಲಿಲ್ಲ. ಹಳಬರು ಎರಡು ಬೋಲ್ಟು ಹೆಚ್ಚಿಗೆ ಹಾಕಿಟ್ಟಿದ್ದರಿಂದ ತಪ್ಪು ಇಷ್ಟು ವರ್ಷ ತಣ್ಣಗೆ ಮಲಗಿತ್ತು.

ಭಾವ ಕುರ್ಚಿ ಎಳೆದುಕೊಂಡರು. ಫಿಟ್ಟರಮ್ಮ ಒಂದೊಂದೇ ಅಳತೆ ಓದಿದರು, ಇವರು ಒಂದೊಂದೇ ಬೋಲ್ಟಿಗೆ ಅದು ಎಷ್ಟು ಎಳೆದರೆ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ ತುಂಬಿದರು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಪರದೆಯ ಮೇಲೆ ಮುಚ್ಚಳ ಕೂದಲೆಳೆಯಷ್ಟು ಬಾಯಿಬಿಟ್ಟಿತು. ಪೈಪಿಗೆ ಜಾಗ ಬಿಡಲು ಬೋಲ್ಟುಗಳನ್ನು ದೂರ ಇಟ್ಟಿದ್ದ ಕಡೆ, ಆರನೆಯದಕ್ಕೂ ಏಳನೆಯದಕ್ಕೂ ನಡುವೆ. ಮೂವರೂ ಕೆಳಗೆ ಓಡಿದೆವು. ಸೋರಿದ ಜಾಗಕ್ಕೆ ಫಿಟ್ಟರಮ್ಮ ಬಳಪದಲ್ಲಿ ಹಾಕಿದ್ದ ಗುರುತು ಕರಾರುವಾಕ್ಕಾಗಿ ಅಲ್ಲೇ ಇತ್ತು.

“ನೋಡೋ, ನನ್ನ ಮಾಡೆಲ್ಲೂ ಸೋರ್ತು” ಎಂದು ಭಾವ ನನ್ನ ತೋಳು ಹಿಡಿದು ಅಲುಗಾಡಿಸಿದರು. ಮದುಮಗನ ಮುಖದಲ್ಲೂ ಅಂಥ ಕಳೆ ನಾನು ಕಂಡಿಲ್ಲ. ಆ ಕಳೆ ಅರ್ಧ ನಿಮಿಷ ನಿಂತಿತು. ಆಮೇಲೆ ತಾವೇ ಬರೆದ ದೂರಿನ ಕಾಗದದ ನೆನಪಾಯಿತು.

ಶುಕ್ರವಾರ ಫಿಟ್ಟರಮ್ಮನೂ ನಾನೂ ಕಾಯುತ್ತಿದ್ದ ಮ್ಯಾನೇಜರ ಕೋಣೆಗೆ ಭಾವ ಒಂಬತ್ತು ಪುಟದ ವಿವರಣೆ ಹೊತ್ತು ಬಂದರು. ಮೂರನೆಯ ಪುಟಕ್ಕೆ ಮ್ಯಾನೇಜರು ಕೈಯೆತ್ತಿದರು.

“ಒಂದು ವಾಕ್ಯದಲ್ಲಿ ಹೇಳ್ರೀ. ತಪ್ಪು ಯಾರದು?”

ಭಾವನ ಕಿವಿ ಕೆಂಪಾಯಿತು. “ಬೋಲ್ಟು ಹಿಗ್ಗುತ್ತೆ ಅನ್ನೋದನ್ನ ನಾನು ಮರೆತಿದ್ದೆ ಸಾರ್.”

“ಎಷ್ಟು ದಿನದಿಂದ?”

“ಇಪ್ಪತ್ತೆರಡು ವರ್ಷದಿಂದ.”

ಮ್ಯಾನೇಜರು ಹನ್ನೆರಡು ಬೋಲ್ಟಿನ ಮುಚ್ಚಳವನ್ನೇ ಮಾಡಿಸುವಂತೆ ಹೇಳಿ, ದೂರಿನ ಕಾಗದ ಹರಿಯಲು ಕೈಗೆತ್ತಿಕೊಂಡರು.

“ಹರೀಬೇಡಿ ಸಾರ್” ಎಂದರು ಫಿಟ್ಟರಮ್ಮ. “ಹರಿದ್ರೆ ಏನೋ ಇತ್ತು, ಮುಚ್ಚಿ ಹಾಕಿದ್ರು ಅಂತಾರೆ. ತಪ್ಪು ಯಾರದು ಅಂತ ಅದರ ಕೆಳಗೇ ಇವ್ರು ಬರೆದು ಕೊಡ್ಲಿ. ಫೈಲಲ್ಲಿರ್ಲಿ.”

ಭಾವ ನಿಂತಲ್ಲೇ ಬಾಗಿ ಬರೆದರು. ಫಿಟ್ಟರಮ್ಮ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿಯಲ್ಲೇ ನಿಧಾನವಾಗಿ ಓದಿದರು: ‘ಬಿಗಿದವರ ತಪ್ಪು ಬಹುಶಃ ಇಲ್ಲ.’

“ಈ ‘ಬಹುಶಃ’ ಯಾಕೆ ಸಾರ್?”

“ಅದು... ನಮ್ಮ ವರದಿಗಳಲ್ಲಿ ಹಾಗೇ ಬರೆಯೋದು.”

“ನನ್ನ ಮೇಲೆ ಬರೆಯುವಾಗ ಇರ್ಲಿಲ್ವಲ್ಲ.”

ಭಾವ ಪೆನ್ನು ತೆಗೆದು ಆ ಪದವನ್ನು ಹೊಡೆದುಹಾಕಿದರು. ಹೊಡೆದ ಗೆರೆಯ ಪಕ್ಕದಲ್ಲೂ ಒಂದು ಸಹಿ ಮಾಡಿಸಿಕೊಂಡೇ ಫಿಟ್ಟರಮ್ಮ ಕೆಳಗಿಳಿದರು.