ಸರ್ವೇ ಕಲ್ಲಿಗೆ ಬಿದ್ದ ಭಂಡಾರ

ಉಗಿಬಂಡಿ ಅಂದರೆ ಪ್ರಾಣ ಬಿಡುವ ನಮ್ಮಂಥವರು ಇಂಜಿನ್ ನೋಡಲು ಎಲ್ಲೆಲ್ಲಿಗೋ ಹೋಗುತ್ತೇವೆ. ಸಿದರಾಯಜ್ಜ ಇಂಜಿನ್ನನ್ನೇ ತನ್ನ ಊರಿಗೆ ಕರೆಸಿಕೊಳ್ಳಲು ಹೊರಟಿದ್ದ. ಆತನ ಮೊಮ್ಮಗಳು ತಾರವ್ವ ಹೇಳಿದ ಕಥೆ ಇದು.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ರಾಜ್ಯ ಬಂದಿದ್ದ ಹೊಸತು. ಮುಧೋಳ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ಸಿದರಾಯ ಕುರಿ ಕಾಯುತ್ತಿದ್ದ. ಒಂದು ಬೇಸಿಗೆ ಮೇವು ಹುಡುಕುತ್ತ ಕುಡಚಿಯವರೆಗೆ ಹೋದವನು, ಸ್ಟೇಶನ್ನಿನಲ್ಲಿ ಇಂಜಿನ್ ನೀರು ಕುಡಿಯುವುದನ್ನು ಕಂಡ. ಕರೀ ಮೈ, ಬಿಸಿ ಉಸಿರು, ಟಗರಿನ ಹಾಗೆ ಒಮ್ಮೆ ಹಿಂದೆ ಸರಿದು ಮುಂದೆ ನುಗ್ಗುವ ಸೊಕ್ಕು. ಆಮೇಲೆ ಪ್ರತಿ ಬೇಸಿಗೆಯೂ ಹಿಂಡು ಕುಡಚಿಗೇ. ತನ್ನ ಕರೀ ಟಗರಿಗೆ ಇಂಜಿನ್ ಎಂದೇ ಹೆಸರಿಟ್ಟ. ಕುರಿಗಳನ್ನು ಕರೆಯುವುದೂ ಇಂಜಿನ್ ಕೂಗಿನಲ್ಲೇ.

"ನಿಮ್ಮ ಲಗ್ನ ನನ್ನ ಜೋಡಿ ಆಗೇತೇನ್ರಿ, ಇಂಜಿನ್ ಜೋಡಿ ಆಗೇತೇನ್ರಿ?" ಎಂದು ಹೆಂಡತಿ ಹೊಳೆವ್ವ ಕಾಡುತ್ತಿದ್ದಳು.

"ಅದು ನಿನ್ನಂಗ ಮಾರಿ ಗಂಟ ಹಾಕೂದಿಲ್ಲ ನೋಡ."

ಒಂದು ಸಲ ಹೊಸ ರೈಲು ದಾರಿ ಅಳೆಯುವ ಸರ್ವೇದವರು ಬಂದು ಡೇರೆ ಹಾಕಿದರು. ಹೊಲಗಳಲ್ಲಿ ಸರಪಳಿ ಎಳೆದು ಸುಣ್ಣ ಬಳಿದ ಕಲ್ಲು ನೆಟ್ಟರು. ಸಿದರಾಯ ಕುರಿ ಬಿಟ್ಟು ಅವರ ಹಿಂದೆಯೇ ಅಲೆದ.

"ಸಾಹೇಬ್ರ, ಗಾಡಿ ಇಲ್ಲೇ ಹೊಕ್ಕೈತೇನ್ರಿ?"

"ಮಂಜೂರಾದ್ರೆ ಹೋಗ್ತದೆ. ನಾವು ಮತ್ತೆ ಬಂದು ಅಳೀಬೇಕು. ಅಲ್ಲೀತನಕ ಕಲ್ಲು ಅಲುಗಬಾರದು."

ಅವರು ಹೋದದ್ದೇ ತಡ, ಒಂದು ಕಲ್ಲು ಬಟ್ಟೆ ಒಗೆಯಲು ಹಳ್ಳಕ್ಕೆ ಹೋಯಿತು, ಇನ್ನೊಂದು ಮೇವಿನ ಬಣವಿಯ ಬುಡ ಸೇರಿತು. "ನಾನೂ ಕೀಳಾಂವನ. ನೇಗಿಲಕ್ಕ ಬಡಿಯಾಕತ್ತೇತಿ," ಎಂದ ಹೊಲದ ನಡುವೆಯೇ ಕಲ್ಲು ನೆಡಿಸಿಕೊಂಡಿದ್ದ ಗಿರಮಲ್ಲಪ್ಪ. ಸಿದರಾಯ ಕೈಮುಗಿದರೂ ಕೇಳಲಿಲ್ಲ.

ಮರುದಿನ ನಸುಕಿನಲ್ಲಿ ಸಿದರಾಯ ಬೀರೇಶ್ವರನ ಗುಡಿಯಿಂದ ಉಡಿತುಂಬ ಭಂಡಾರ ತಂದ. ಉಳಿದ ಕಲ್ಲುಗಳಿಗೆಲ್ಲ ಆ ಅರಿಸಿನದ ಪುಡಿ ಎರಚಿ ಬಂದ. ದೇವರ ಭಂಡಾರ ಬಿದ್ದ ಕಲ್ಲನ್ನು ಕೀಳುವ ಧೈರ್ಯ ಯಾರಿಗಿದೆ? ಗಿರಮಲ್ಲಪ್ಪ ಕಲ್ಲನ್ನು ಬಳಸಿ ನೇಗಿಲು ಹೊಡೆದ. ಕಳೆದುಹೋಗಿದ್ದ ಅವನ ಆಕಳು ಅದೇ ವಾರ ತಾನಾಗಿ ಮನೆಗೆ ಬಂತು, ಅವನು ಕಲ್ಲಿಗೆ ತೆಂಗಿನಕಾಯಿ ಒಡೆದ. ಮಳೆಗಾಲದ ಹೊತ್ತಿಗೆ ಆ ಕಲ್ಲಿಗೊಂದು ಕಟ್ಟೆಯಾಯಿತು. ಸಿದರಾಯ ಒಳಗೊಳಗೇ ನಗುತ್ತಿದ್ದ. ಅವನಿಗೆ ಕಲ್ಲು ಉಳಿದರೆ ಸಾಕಿತ್ತು.

ಸರ್ವೇದವರು ಮತ್ತೆ ಬಂದರು. ಹಳ್ಳದ ದೆಸೆಯಿಂದ ದಾರಿ ಸ್ವಲ್ಪ ಸರಿಸಬೇಕು, ಗಿರಮಲ್ಲಪ್ಪನ ಹೊಲದ ಕಲ್ಲು ಕಿತ್ತು ಆಚೆ ನೆಡಬೇಕು ಅಂದರು. ಆಳು ಹಾರೆ ಎತ್ತಿದ. ಗಿರಮಲ್ಲಪ್ಪ ಓಡಿ ಬಂದು ಕಲ್ಲನ್ನು ತಬ್ಬಿಕೊಂಡ.

"ಮೊದಲ ನನ್ನ ಮ್ಯಾಲ ಹಾಕ್ರಿ ಹಾರಿ!"

ಊರಿಗೆ ಊರೇ ಕೂಡಿತು. ಸಿದರಾಯ ಜನರನ್ನು ಸರಿಸಿಕೊಂಡು ನುಗ್ಗಿದ.

"ಗಿರಮಲ್ಲಣ್ಣಾ, ಬಿಡೋ. ಅದು ದೇವರಲ್ಲೋ. ಭಂಡಾರ ಹಾಕಿದಾಂವ ನಾನ! ನೀ ಕೀಳ್ತೀ ಅಂತ ಹಾಕೇನಿ. ಖರೆ ಹೇಳಾಕತ್ತೇನಿ!"

ಗಿರಮಲ್ಲಪ್ಪನ ಕಣ್ಣು ತುಂಬಿತು.

"ನಿನ್ನ ಕೈಲೆ ಆ ದೇವರೇ ಹಾಕಿಸ್ಯಾನಲೇ, ಹುಚ್ಚಾ!"

ಜನ ಸಿದರಾಯನ ತಲೆಯ ಮೇಲೆಯೇ ಭಂಡಾರ ಎರಚಿದರು. ಸಾಹೇಬರು ದುರ್ಬೀನು ಮಡಚಿಕೊಂಡು ಹೋದವರು ತಿರುಗಿ ಬರಲಿಲ್ಲ. ರೈಲು ಬಾರದ್ದಕ್ಕೆ ಸರಕಾರಕ್ಕೆ ಬೇರೆ ಕಾರಣಗಳೂ ಇದ್ದಾವು. ಸಿದರಾಯನಿಗೆ ಗೊತ್ತಿದ್ದದ್ದು ಒಂದೇ, ತಾನು ಎರಚಿದ ಭಂಡಾರ.

ದೇವರೇ ಆರಿಸಿದ ಕೈ ಅಂತ ಊರವರು ಅವನನ್ನೇ ಆ ಕಲ್ಲಿನ ಪೂಜಾರಿ ಮಾಡಿದರು. ಎಷ್ಟು ಬೇಡವೆಂದರೂ ಬಿಡಲಿಲ್ಲ. ದಿನಾ ಸಂಜೆ ದೀಪ ಹಚ್ಚಬೇಕಾದವನು ಊರು ಬಿಟ್ಟು ಹೋಗುವಂತಿಲ್ಲ. ಬೇಸಿಗೆಗೆ ಹಿಂಡು ಹೊಡೆದುಕೊಂಡು ಕುಡಚಿಗೆ ಹೋಗುವ ಕೆಲಸ ತಮ್ಮ ಹಣಮಂತನ ಪಾಲಾಯಿತು. ಇಂಜಿನ್ ಟಗರು ಮುಂದೆ ಮುಂದೆ ಹೋಗುವುದನ್ನು ಸಿದರಾಯ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಮತ್ತೆಂದೂ ಅವನು ಉಗಿಬಂಡಿ ಕಾಣಲಿಲ್ಲ.

ಮಳೆ ಹಿಡಿದು ಹಿಂಡು ತಿರುಗಿ ಬಂದಾಗ ಮೊದಲು ಕುಡಚಿಯ ಇಂಜಿನ್ನಿನ ಸುದ್ದಿಯನ್ನೇ ಕೇಳುತ್ತಿದ್ದನಂತೆ.

"ಕೂಗಿತೇನಪಾ?"

"ಕೂಗ್ತು, ಅಣ್ಣಾ."

"ಹ್ಯಾಂಗ?"

ಹಣಮಂತ ಬಾಯಿಗೆ ಕೈ ಹಚ್ಚಿ ಕೂಗಲು ನೋಡುತ್ತಿದ್ದ. ಅವನಿಗೆ ಬರುತ್ತಿರಲಿಲ್ಲ. ಸಿದರಾಯ ತೋರಿಸಿಕೊಡುತ್ತಲೂ ಇರಲಿಲ್ಲ. ತಲೆ ತಗ್ಗಿಸಿ ಸಂಜೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ.