ಹಸನಾಕರ ಅಳತೆ ದಾರ

ಹಸನಾಕರ ಅಂಗಡಿಗೆ ಹೋದವರು ಮೊದಲು ಚಪ್ಪಲಿ ಕಳಚಿ ನೆಟ್ಟಗೆ ನಿಲ್ಲಬೇಕಿತ್ತು. ಅವರು ಕೊರಳಲ್ಲಿ ನೇತುಹಾಕಿಕೊಂಡಿದ್ದ ನೈಲಾನ್ ದಾರವನ್ನು ತೆಗೆದು, ಒಂದು ತುದಿಯನ್ನು ತಮ್ಮ ಕಾಲ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ, ನಮ್ಮ ಮಣಿಕಟ್ಟಿನವರೆಗೆ ಎಳೆದು ಅಲ್ಲೊಂದು ಗಂಟು ಹಾಕುತ್ತಿದ್ದರು. ನೋಡಿದವರಿಗೆ ದರ್ಜಿಯ ಅಂಗಡಿ ಅನ್ನಿಸಬೇಕು. ಅವರು ಮಾರುತ್ತಿದ್ದದ್ದು ಹಳೆಯ ಗಾಲ್ಫ್ ಕೋಲುಗಳನ್ನು.

ಅದೂ ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣದ ಎದುರು, ಈರುಳ್ಳಿ ಮಂಡಿಗೂ ಗೋಣಿಚೀಲದ ಅಂಗಡಿಗೂ ನಡುವೆ. ದುಬೈಯ ಗಾಲ್ಫ್ ಮೈದಾನವೊಂದರಲ್ಲಿ ಹದಿನೆಂಟು ವರ್ಷ ಆಟಗಾರರ ಕೋಲುಗಳನ್ನು ತೊಳೆದು ಒರೆಸಿದವರು ಅವರು. ಊರಿಗೆ ಬರುವಾಗ ಎಲ್ಲರೂ ಅತ್ತರಿನ ಸೀಸೆ, ಕಂಬಳಿ ತಂದರೆ ಇವರು ಅಲ್ಲಿಯವರು ಬೇಡವೆಂದು ಬಿಟ್ಟ ಕೋಲುಗಳನ್ನು ಕಟ್ಟುಕಟ್ಟಾಗಿ ತಂದರು. ಆದರೆ ಅಷ್ಟು ವರ್ಷದಲ್ಲಿ ಆ ಹುಲ್ಲಿನ ಮೇಲೆ ಒಂದೇ ಒಂದು ಚೆಂಡನ್ನೂ ಹೊಡೆದವರಲ್ಲ. ಕೆಲಸದವರು ಹೊಡೆಯುವಂತಿರಲಿಲ್ಲ.

"ಒಂದು ಸಲ ಆ ಹುಲ್ಲಲ್ಲಿ ನಿಂತು ಹೊಡೀಬೇಕಿತ್ತು ಮಾಷ್ಟ್ರೇ," ಎಂದು ಚಹಾ ಕುಡಿಯುವಾಗಲೆಲ್ಲ ಹೇಳುತ್ತಿದ್ದರು.

ನಾನು ಕಾಪುವಿನ ಮೀನುಗಾರರ ಮನೆಯವನು, ಹೈಸ್ಕೂಲು ಮೇಷ್ಟ್ರು. ಮಣಿಪಾಲದಲ್ಲಿರುವ ನನ್ನ ಭಾವ ಭಾನುವಾರಗಳಲ್ಲಿ ಮಂಗಳೂರಿಗೆ ಹೋಗಿ ಗಾಲ್ಫ್ ಆಡುತ್ತಾರೆ. ನೀನೂ ಬಾ ಎಂದು ಜೀವ ತಿಂದರು. ಹೊಸ ಸೆಟ್ಟಿನ ಬೆಲೆ ಕೇಳಿ ತಲೆ ತಿರುಗಿ ಹಸನಾಕರ ಅಂಗಡಿ ಹುಡುಕಿಕೊಂಡು ಹೋದೆ. ಹೋದವನೇ ಹದಿನಾಲ್ಕು ಕೋಲುಗಳ ಮಿರಮಿರ ಮಿಂಚುವ ಬ್ಯಾಗಿಗೆ ಕೈ ಹಾಕಿದೆ.

"ಅದು ಬೇಡ. ಅದು ಆರಡಿ ಮನುಷ್ಯನದ್ದು. ನೀವು ಹಿಡಿದರೆ ದೋಣಿಗೆ ಹುಟ್ಟು ಹಾಕಿದ ಹಾಗೆ ಆಗ್ತದೆ."

ನನ್ನನ್ನು ಅಳೆದು, ಮೂಲೆಯಿಂದ ಏಳನೇ ನಂಬರಿನ ಒಂದು ಕಬ್ಬಿಣದ ಕೋಲು ತೆಗೆದರು. ಹಿಡಿಯ ರಬ್ಬರು ಹರಿದಿತ್ತು.

"ರಬ್ಬರು ನಾನು ಹಾಕಿ ಕೊಡ್ತೇನೆ. ಮೈಮೇಲಿನ ಗೀರು ನೋಡ್ಬೇಡಿ, ಚೆಂಡು ತಾಗುವ ಮುಖದ ಗೆರೆ ನೋಡಿ. ಸವೆದಿಲ್ಲ ಅಲ್ವಾ? ಒಂದು ತಿಂಗಳು ಇದೊಂದೇ. ಚೆಂಡು ಎದ್ದರೆ ಎರಡನೆಯದು ಕೊಡ್ತೇನೆ. ಏಳದಿದ್ದರೆ ಇದನ್ನೂ ತಂದು ಕೊಡಿ, ದುಡ್ಡು ವಾಪಸ್."

ಹೀಗೂ ವ್ಯಾಪಾರ ಮಾಡುವವರುಂಟೇ? ಅಲೆವೂರಿನ ಕೊಯ್ಲಾದ ಗದ್ದೆಯಲ್ಲಿ ದಿನಾ ಸಂಜೆ ಹೊಡೆದೆ. ತಲೆತಲಾಂತರದಿಂದ ಹುಟ್ಟು ಹಾಕಿದ ಮನೆತನದ ಕೈ, ಕೋಲನ್ನು ಎಳೆಯುತ್ತಿತ್ತೇ ವಿನಾ ಬೀಸುತ್ತಿರಲಿಲ್ಲ. ಹಸನಾಕರು ಇಳಿಬಿಸಿಲಿಗೆ ಕೊಡೆ ಬಿಡಿಸಿ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ಕುಳಿತು, "ನೀರಿಲ್ಲ ಮಾಷ್ಟ್ರೇ, ಇದು ಗದ್ದೆ," ಎನ್ನುತ್ತಿದ್ದರು. ತಿಂಗಳು ಮುಗಿಯಲು ಐದು ದಿನವಿರುವಾಗ ಚೆಂಡು ಎದ್ದಿತು. ವರ್ಷ ಕಳೆಯುವಷ್ಟರಲ್ಲಿ ನನ್ನ ಬಳಿ ಐದು ಕೋಲುಗಳಾದವು, ಭಾವನ ಒಂದು ಕೋಲಿನ ಬೆಲೆಗೆ ಐದೂ.

ಒಂದು ಭಾನುವಾರ ಭಾವನನ್ನು ಒಪ್ಪಿಸಿ ಹಸನಾಕರನ್ನೂ ಮಂಗಳೂರಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಹುಲ್ಲಿನ ಅಂಚಿಗೆ ಬಂದೊಡನೆ ಶೂ ಕಳಚಲು ಬಗ್ಗಿದರು, ನಾನು ತಡೆದೆ. ನನ್ನ ಏಳನೇ ನಂಬರನ್ನು ಅವರ ಕೈಗೆ ಕೊಟ್ಟೆ. ಬೀಸಿದರು. ಚೆಂಡು ಇದ್ದಲ್ಲೇ ಇತ್ತು. ಅಂಗೈಯಗಲದ ಹುಲ್ಲಿನ ಹೆಂಟೆ ಹಾರಿ ಮುಂದೆ ಬಿತ್ತು. ಇಷ್ಟು ವರ್ಷದ ಆಸೆ ಹೀಗಾಯಿತಲ್ಲ ಅಂದುಕೊಂಡೆ. ಅವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಳೆಯ ಅಭ್ಯಾಸದಂತೆ ಹೆಂಟೆಯನ್ನು ತಂದು ಗುಂಡಿಯಲ್ಲಿ ಕೂರಿಸಿ, ಅಂಗೈಯಿಂದ ಒತ್ತಿ, ಕೋಲನ್ನು ಕರವಸ್ತ್ರದಿಂದ ಒರೆಸಿದರು.

"ನನಗೂ ಒಂದು ತಿಂಗಳು ಗದ್ದೆಯೇ," ಎಂದರು. "ಇದನ್ನು ಕೊಡ್ತೀರಾ?"

"ಮೊದಲು ನೆಟ್ಟಗೆ ನಿಲ್ಲಿ," ಎಂದೆ.

ಅವರ ಕೊರಳಿನ ದಾರ ತೆಗೆದು ಅಳೆದೆ. ಊರನ್ನೆಲ್ಲ ಅಳೆದ ಅವರನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ. ಕುಳ್ಳ ಮನುಷ್ಯ, ನನ್ನ ಕೋಲು ಅವರಿಗೆ ಉದ್ದವಾಗುತ್ತಿತ್ತು. ಅಜ್ಜ ಕಲಿಸಿದ ಬಲೆಯ ಗಂಟನ್ನು ಅವರ ಮಣಿಕಟ್ಟಿನ ಅಳತೆಗೆ ಹಾಕಿದೆ.

"ಇದು ಎಂತ ಗಂಟು?"

"ಎಳೆದಷ್ಟೂ ಬಿಗಿ ಆಗುವಂಥದ್ದು, ಹಸನಾಕ."

ಮರುದಿನವೇ ಆ ಅಳತೆಗೆ ಒಂದು ಕೋಲನ್ನು ಕತ್ತರಿಸಿಕೊಂಡರು. ಆ ಬೇಸಗೆಯೆಲ್ಲ ಗದ್ದೆಯಲ್ಲಿ ಹೊಡೆಯುವವರು ಅವರು, ಕೊಡೆ ಹಿಡಿದು ಕೂರುವವನು ನಾನು. ಚೆಂಡು ಎದ್ದ ದಿನ ಅವರು ಕೂಗಾಡಲಿಲ್ಲ. ಅದು ಬಿದ್ದಲ್ಲಿಗೆ ನಡೆದು ಹೋಗಿ ನೋಡಿಕೊಂಡು ಬಂದರು. ಮಳೆ ಕಳೆದ ಮೇಲೆ ಮತ್ತೆ ಮಂಗಳೂರಿಗೆ ಹೋಗುವುದೆಂದು ಮಾತಾಗಿತ್ತು. ಮಳೆ ಮುಗಿಯುವ ಮೊದಲೇ, ಕಾರ್ಕಳದ ಮಗಳ ಮನೆಯಲ್ಲಿ ಮಲಗಿದವರು ಏಳಲಿಲ್ಲ. ನನಗೆ ಬಹಳ ಬೇಸರವಾಯಿತು, ಈಗಲೂ ಆಗುತ್ತದೆ.

ಮಗಳು ಆ ದಾರವನ್ನು ನನಗೆ ಕೊಟ್ಟಳು. ಯಾವ ಕೋಲು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಚಪ್ಪಲಿ ಕಳಚಿಸಿ ಅಳೆಯುತ್ತೇನೆ. ಹಸನಾಕರು ಹಾಕಿದ ಗಂಟುಗಳೆಲ್ಲ ಸಡಿಲಾಗಿ ಜಾರಿ ಹೋಗಿವೆ, ನನ್ನ ಅಳತೆಯದೂ ಸೇರಿ. ಎಲ್ಲಕ್ಕಿಂತ ಕೆಳಗಿನ ಬಲೆಯ ಗಂಟು ಮಾತ್ರ ಹಾಕಿದಲ್ಲೇ ಇದೆ.