ಮುತ್ತಲ ಹೂವಿಗೆ ಹೋದ ಬೆಳಿಗ್ಗೆ

ಹೋಳಿಯಿಂದ ಯುಗಾದಿಯವರೆಗೆ ನಮ್ಮ ಆತ್ಯಾಳ ಬೆರಳುಗಳು ಅರಿಶಿನ ಮೆತ್ತಿದಂತೆ ಕಾಣುತ್ತಿದ್ದವು. ಅಪ್ಪನ ಅಕ್ಕ ಆಕೆ. ರಂಗಪಂಚಮಿಗೆ ಅಂಗಡಿಯ ಬಣ್ಣವನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. ಕರೋಶಿ ಊರಾಚೆಯ ಗುಡ್ಡದಿಂದ ಮುತ್ತಲ ಹೂ ತಂದು ಕುದಿಸಬೇಕು. ಹೂ ಕೀಳುವಂತಿಲ್ಲ, ಬಿದ್ದದ್ದನ್ನೇ ಆರಿಸಬೇಕು. ಮರದಡಿ ಕೂಗುವಂತಿಲ್ಲ. ಮೈಗೆ ವಾಸನೆಯದೇನೂ ಹಚ್ಚುವಂತಿಲ್ಲ. ಕಾರಣ ಕೇಳಿದರೆ ಒಂದೇ ಉತ್ತರ: “ಗುಡ್ಡದವ್ವಗ ಸೇರೂದಿಲ್ಲ.”

ನಾನು ಕಾಲೇಜಿನ ಚರ್ಚಾಪಟು. “ಗುಡ್ಡದವ್ವ ಖುದ್ದ್ ಬಂದು ನಿನಗ ಹೇಳ್ಯಾಳೇನು?” ಎಂದರೆ, “ನೀ ಬಾಯಿ ಮುಚ್ಚಿದ್ರ ಹೇಳ್ತಿದ್ಲು, ವಕೀಲಬಾಯಿ,” ಎಂದು ನಗುತ್ತಿದ್ದಳು.

ಆ ವರ್ಷ ಪುಣೆಯ ಸ್ಪರ್ಧೆ ಮುಗಿಸಿ, ರಂಗಪಂಚಮಿಗೆ ಎರಡು ದಿನ ಇರುವಾಗ ಊರಿಗೆ ಬಂದೆ. ಮರುದಿನ ಬೆಳಿಗ್ಗೆ ಅಪ್ಪ, ಆತ್ಯಾ, ನಾನು ಗುಡ್ಡ ಹತ್ತಿದೆವು. ಪುಣೆಯಲ್ಲಿ ಕೊಂಡ ಸೆಂಟನ್ನು ಕುತ್ತಿಗೆಗೆ ಬೇಕೆಂದೇ ಹೊಡೆದುಕೊಂಡಿದ್ದೆ. ಏನೂ ಆಗದಿದ್ದರೆ ಗುಡ್ಡದವ್ವನ ಕಥೆ ಅಲ್ಲಿಗೆ ಮುಗಿಯಿತಲ್ಲ!

ಕವಳಿ ಹಣ್ಣಿನ ಕಂಟಿಗಳು ಬೆಳ್ಳಗೆ ಅರಳಿದ್ದವು. ಮುತ್ತಲ ಮರಗಳಲ್ಲಿ ಎಲೆಯೇ ಇಲ್ಲ, ಬರೀ ಬೆಂಕಿ. ಅಪ್ಪ ಬುತ್ತಿ ಬಿಚ್ಚಿದ. ಎಷ್ಟೋ ದಿನಗಳ ಮೇಲೆ ಮೂವರೂ ಒಟ್ಟಿಗೆ ಕೂತಿದ್ದೆವು. ತುಸು ಹೊತ್ತಿಗೆ ಅಪ್ಪ ನೀರು ತರಲು ಕೆಳಗಿನ ಒರತೆಗೆ ಇಳಿದ. ನನ್ನ ರೊಟ್ಟಿಗೆ ಶೇಂಗಾ ಹಿಂಡಿ ಹಾಕಲು ಬಾಗಿದ ಆತ್ಯಾ ಹಾಗೆಯೇ ನಿಂತುಬಿಟ್ಟಳು.

“ಏನ್ ಹಚ್ಚಿಗೊಂಡೀ?”

“ಏನಿಲ್ಲ.”

ಆಕೆ ಮೇಲೆ ನೋಡಿದಳು. ಪಕ್ಕದ ಆಲದ ಕೊಂಬೆಗೆ ಕರಿ ಹಲಗೆಯಂತೆ ಹೆಜ್ಜೇನು ಜೋತುಬಿದ್ದಿತ್ತು. ಅದರ ಮೈಮೇಲೆ ಅಲೆ ಎದ್ದು ಹರಿಯುತ್ತಿತ್ತು. ಹಕ್ಕಿಗಳ ಸದ್ದು ಯಾವಾಗ ನಿಂತಿತ್ತೋ ಗೊತ್ತಾಗಿರಲಿಲ್ಲ.

“ಸದ್ದ ಮಾಡಬ್ಯಾಡ. ಸಾವಕಾಶ ಹಿಂದ ಸರಿ.”

“ಅದಕ್ಕೂ ಇದಕ್ಕೂ ಏನ್ ಸಂಬಂಧ, ಆತ್ಯಾ—” ಎನ್ನುವಷ್ಟರಲ್ಲಿ ಮೊದಲ ಹುಳ ನನ್ನ ಕುತ್ತಿಗೆಗೇ ಬಂತು.

ಆಮೇಲೆ ಕಂಡದ್ದು ಅವಳ ಸೆರಗಿನೊಳಗಿನ ಕತ್ತಲೆ ಮಾತ್ರ. ನನ್ನನ್ನು ಕೆಡವಿ ಮೇಲೆ ಬಿದ್ದಿದ್ದಳು. ಗುಂಯ್ ಎನ್ನುವ ಸದ್ದಿನ ನಡುವೆ ಒಂದೇ ಮಾತು: “ಅಲಗಬ್ಯಾಡವ್ವಾ, ಅಲಗಬ್ಯಾಡ.” ಅಪ್ಪ ಕೆಳಗಿನಿಂದ ಓಡಿಬಂದು ಒಣಹುಲ್ಲಿಗೆ ಬೆಂಕಿಯಿಟ್ಟು ಹೊಗೆ ಎಬ್ಬಿಸಿ ನಮ್ಮನ್ನು ಬಿಡಿಸುವ ಹೊತ್ತಿಗೆ ಅವಳ ಮುಖದ ಗುರುತೇ ಸಿಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಹುಳಾ ಹೆಂಗ್ ಎದ್ದೂರಿ?”

ನಾನು ಬಾಯಿ ತೆರೆದೆ. ಬಾತ ತುಟಿಗಳಿಂದ ಆತ್ಯಾಳೇ ಮೊದಲು ಹೇಳಿದಳು: “ನಾನ... ಕಲ್ಲ ಒಗದ್ನಿರಿ.”

“ನಿನಗೇನ್ ಹುಚ್ಚ ಹಿಡದಿತ್ತೇನಕ್ಕಾ?” ಅಪ್ಪ ಗದರಿದ. ಅವಳು ನನ್ನತ್ತ ನೋಡಲೂ ಇಲ್ಲ. ಸಂಜೆಯೊಳಗೆ ಹೋಗಿಬಿಟ್ಟಳು. ಅಕ್ಕನಿಗೆ ಅಪ್ಪ ಆಡಿದ ಕೊನೆಯ ಮಾತು ಆ ಬೈಗುಳ.

ಊರವರು ಇಂದಿಗೂ “ವಯಸ್ಸಾದಾಕಿ, ಜೇನಿಗೆ ಕಲ್ಲ ಒಗದ ಸತ್ತಳು” ಎನ್ನುತ್ತಾರೆ. ಯಾವ ಮಾತಿಗೂ ಎದುರು ವಾದಿಸುವ ನಾನು, ಇದೊಂದಕ್ಕೆ ಸುಮ್ಮನಿದ್ದೇನೆ. ಇದನ್ನು ಅಚ್ಚಿಗೆ ಕೊಡುವ ಮೊದಲು ಅಪ್ಪನಿಗೆ ಓದಿ ಹೇಳಬೇಕು.